ಕೈ ಆತನದೇ, ಮಾತು ಯಾರದು?

2003ರಲ್ಲಿ ಅಮೆರಿಕದ ಮಿಯಾಮಿ ನಗರದ ಮನೆಯೊಂದರಲ್ಲಿ, ರೋಗದಿಂದ ಜರ್ಝರಿತನಾಗಿ ಹಾಸಿಗೆ ಹಿಡಿದಿದ್ದ 84 ವರ್ಷದ ಮುದುಕನೊಬ್ಬ ತನ್ನ ಹಿರಿಯ ಮಗನ ಮುಂದೆ ಕಾಗದದ ಮೇಲೆ ಬರೆಯತೊಡಗಿದ. ಹಾಳೆಯ ಮೇಲ್ತುದಿಯಲ್ಲಿ ಎಲ್.ಬಿ.ಜೆ. ಎಂಬ ಮೂರು ಅಕ್ಷರಗಳು ಮೂಡಿದವು. ಅಲ್ಲಿಂದ ಕೆಳಗೆ ಒಂದು ಗೆರೆ. ಗೆರೆಯ ಕೊನೆಗೆ ಕಾರ್ಡ್ ಮೇಯರ್ ಎಂಬ ಹೆಸರು. ಅದರಿಂದ ಹೊರಟ ಗೆರೆಗಳಿಗೆ ಬಿಲ್ ಹಾರ್ವಿ, ಡೇವಿಡ್ ಮೊರಾಲೆಸ್ ಎಂಬ ಇನ್ನೆರಡು ಹೆಸರುಗಳು. ಕಟ್ಟಕಡೆಗೆ ಒಂದು ಚೌಕಟ್ಟು. ಅದರೊಳಗೆ, ಹುಲ್ಲುದಿಬ್ಬದ ಮೇಲಿನ ಫ್ರೆಂಚ್ ಬಂದೂಕುಗಾರ ಎಂಬರ್ಥದ ನಾಲ್ಕು ಪದಗಳು.

ಬರೆದಾತ ಇ. ಹೊವಾರ್ಡ್ ಹಂಟ್. ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯಲ್ಲಿ ಎರಡು ದಶಕ ದುಡಿದವನು. ಆಮೇಲೆ ವಾಟರ್‌ಗೇಟ್ ಹಗರಣದಲ್ಲಿ ಸೆರೆಮನೆ ಕಂಡವನು. ಆ ಗೆರೆಗಳು ಹೇಳಹೊರಟದ್ದು 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ನಡೆದ ಅಧ್ಯಕ್ಷ ಜಾನ್ ಎಫ್. ಕೆನಡಿಯ ಹತ್ಯೆಯ ಕಥೆಯನ್ನು. ಎಲ್.ಬಿ.ಜೆ. ಎಂದರೆ ಅಂದಿನ ಉಪಾಧ್ಯಕ್ಷ, ಕೆನಡಿಯ ಮರಣದ ದಿನವೇ ಅಧ್ಯಕ್ಷಪದಕ್ಕೇರಿದ ಲಿಂಡನ್ ಬಿ. ಜಾನ್ಸನ್. ನಡುವಿನ ಮೂವರೂ ಸಿ.ಐ.ಎ. ಅಧಿಕಾರಿಗಳು. ಹುಲ್ಲುದಿಬ್ಬವೆಂದರೆ ಕೆನಡಿಯ ಕಾರು ಹಾದುಹೋದ ದಾರಿಯ ಪಕ್ಕದ ಎತ್ತರದ ಜಾಗ. ಆಸ್ವಾಲ್ಡ್ ಒಬ್ಬನೇ ಗುಂಡು ಹಾರಿಸಲಿಲ್ಲ ಎನ್ನುವವರೆಲ್ಲ ಬೆರಳು ತೋರಿಸುವ ತಾಣ. ಹಂಟ್ ಇನ್ನಷ್ಟು ಟಿಪ್ಪಣಿ ಬರೆದ. 2004ರ ಜನವರಿಯಲ್ಲಿ ಮಗನಿಗೆ ಒಂದು ಧ್ವನಿಸುರುಳಿಯನ್ನೂ ಕಳುಹಿಸಿದ. 2007ರ ಜನವರಿ 23ರಂದು ತೀರಿಕೊಂಡ. ಅದೇ ವರ್ಷದ ಏಪ್ರಿಲ್‌ನಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆಯು ಈ ಕಾಗದಗಳ ಕಥೆಯನ್ನು ಕೊನೆಯ ತಪ್ಪೊಪ್ಪಿಗೆಯೆಂಬ ತಲೆಬರಹದಡಿ ಪ್ರಕಟಿಸಿತು.

ಆ ಕಾಗದ ಹಂಟನ ಕೈಬರಹದ್ದೆಂಬ ಬಗ್ಗೆ ಜಗಳವಿಲ್ಲ. ಆದರೆ ಓದುಗಲೋಕದ ಒಂದು ದೊಡ್ಡ ಭಾಗ ಅಲ್ಲಿಂದ ನೇರವಾಗಿ ಇನ್ನೊಂದು ತೀರ್ಮಾನಕ್ಕೆ ಜಿಗಿಯಿತು: ಕೈ ಆತನದಾದ್ದರಿಂದ ಸಂಗತಿಯೂ ಸತ್ಯ. ಗ್ರಂಥಸಂಪಾದನೆಯ ಮೊದಲ ಪಾಠ ಓದಿದ ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಈ ಜಿಗಿತವನ್ನು ಒಪ್ಪಬಾರದು. ಹಸ್ತಪ್ರತಿಯೊಂದು ಅಪ್ಪಟವೆಂದು ಸಿದ್ಧವಾದ ಮೇಲೆ ವಿಮರ್ಶೆ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಲಿಪಿಕಾರನಿಗೆ ಈ ಪಾಠ ಎಲ್ಲಿಂದ ಬಂತು? ಯಾರಿಗಾಗಿ ಬರೆದ? ಆತನ ಮುಂದೆ ಯಾವ ಮಾತೃಕೆಯಿತ್ತು? ಹಂಟನ ಹಾಳೆಗೆ ಈ ಪ್ರಶ್ನೆಗಳನ್ನು ಹಾಕಿದರೆ, ಅದು ಕೆನಡಿಯ ಕೊಲೆಯ ಬಗ್ಗೆ ಹೇಳುವುದಕ್ಕಿಂತ ಹಂಟನ ಬಗ್ಗೆ ಹೇಳುವುದೇ ಹೆಚ್ಚೆಂದು ಕಾಣುತ್ತದೆ.

ಲಿಪಿಕಾರನ ವೃತ್ತಾಂತವನ್ನೇ ಮೊದಲು ನೋಡಬೇಕು. 1918ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಹಂಟ್ ಗುಪ್ತಚರನಾಗುವ ಮೊದಲೇ ಕಾದಂಬರಿಕಾರನಾಗಿದ್ದ. 1946ರಲ್ಲಿ ಸಾಹಿತ್ಯಕ್ಕಾಗಿ ಗುಗನ್‌ಹೈಮ್ ಫೆಲೋಶಿಪ್ ಪಡೆದವನು. ಮುಂದೆ ಸಿ.ಐ.ಎ. ಸೇರಿ, 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಸರಕಾರವನ್ನು ಉರುಳಿಸಿದ ಕಾರ್ಯಾಚರಣೆಯಲ್ಲಿಯೂ 1961ರಲ್ಲಿ ಕ್ಯೂಬಾದ ಮೇಲೆ ನಡೆದು ವಿಫಲವಾದ 'ಬೇ ಆಫ್ ಪಿಗ್ಸ್' ದಾಳಿಯ ಸಿದ್ಧತೆಯಲ್ಲಿಯೂ ಪಾಲುಗೊಂಡ. ಈ ನಡುವೆ ಕಾದಂಬರಿ ಬರೆಯುವುದನ್ನು ಬಿಡಲಿಲ್ಲ. ರಾಬರ್ಟ್ ಡೀಟ್ರಿಕ್, ಗಾರ್ಡನ್ ಡೇವಿಸ್, ಡೇವಿಡ್ ಸೇಂಟ್ ಜಾನ್ ಮೊದಲಾದ ಕಾವ್ಯನಾಮಗಳಲ್ಲಿ ಹತ್ತಾರು ಪತ್ತೇದಾರಿ ಮತ್ತು ಗೂಢಚರ್ಯೆಯ ಕಾದಂಬರಿಗಳು ಹೊರಬಂದವು. ಹಗಲು ಸುಳ್ಳು ಹೆಸರಿನಲ್ಲಿ ಬದುಕಿ ರಾತ್ರಿ ಇನ್ನೊಂದು ಸುಳ್ಳು ಹೆಸರಿನಲ್ಲಿ ಬರೆದವನು. ಇಂಥವನು ಸುಳ್ಳನ್ನೇ ಹೇಳುತ್ತಾನೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಕಾದಂಬರಿಕಾರರೆಲ್ಲ ಸುಳ್ಳುಗಾರರಾದರೆ ಕನ್ನಡ ವಿಭಾಗಗಳಿಗೆ ಬೀಗ ಹಾಕಬೇಕಾದೀತು. ಆದರೆ ಒಂದು ಹತ್ಯೆಯ ಹಿಂದಿನ ಸಂಚನ್ನು ನಾಲ್ಕು ಗೆರೆಗಳಲ್ಲಿ ಕಟ್ಟಿಕೊಡುವ ಕಸಬು ಆತನಿಗೆ ಚೆನ್ನಾಗಿ ಗೊತ್ತಿತ್ತೆಂಬುದನ್ನು ಮರೆಯಬಾರದು.

ಗೊತ್ತಿತ್ತಷ್ಟೇ ಅಲ್ಲ, ಒಮ್ಮೆ ಮಾಡಿಯೂ ಇದ್ದ. ಈ ಪ್ರಸಂಗ ಹಂಟನ ಹಾಳೆಯನ್ನು ಎತ್ತಿ ತೋರಿಸುವವರ ಬಾಯಲ್ಲಿ ಅಪರೂಪಕ್ಕೂ ಬರುವುದಿಲ್ಲ.

1963ರ ನವೆಂಬರ್ 2ರಂದು, ಕೆನಡಿಯ ಹತ್ಯೆಗೆ ಸರಿಯಾಗಿ ಇಪ್ಪತ್ತು ದಿನ ಮೊದಲು, ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ಡಿಯೆಮ್ ಸೈನಿಕ ದಂಗೆಯಲ್ಲಿ ಕೊಲೆಯಾದ. ದಂಗೆಗೆ ಅಮೆರಿಕದ ಸಮ್ಮತಿಯಿತ್ತು. ಆದರೆ ಕೊಲ್ಲಿರೆಂಬ ಆಜ್ಞೆ ಕೆನಡಿಯಿಂದ ಹೋಗಿತ್ತೆಂಬುದಕ್ಕೆ ಕಾಗದವಿರಲಿಲ್ಲ. 1971ರಲ್ಲಿ ನಿಕ್ಸನ್ ಅಧ್ಯಕ್ಷನಾಗಿದ್ದಾಗ ಹಂಟನಿಗೆ ಶ್ವೇತಭವನದಲ್ಲಿ ಸಲಹೆಗಾರನ ಕೆಲಸ ಸಿಕ್ಕಿತು. ನಿಕ್ಸನ್ನನ ಆಪ್ತ ಚಾರ್ಲ್ಸ್ ಕೋಲ್ಸನ್‌ಗೆ ಆ ಕೊರತೆಯ ಕಾಗದ ಬೇಕಾಗಿತ್ತು. ಕೆನಡಿ ಮನೆತನದ ಹೆಸರಿಗೆ ಒಬ್ಬ ಕ್ಯಾಥೊಲಿಕ್ ದೊರೆಯ ರಕ್ತ ಅಂಟಿದರೆ ಚುನಾವಣೆಯಲ್ಲಿ ಲಾಭವಿತ್ತು. ಹಂಟನಿಗೆ ವಿದೇಶಾಂಗ ಇಲಾಖೆಯ ಹಳೆಯ ತಂತಿ ಸಂದೇಶಗಳನ್ನು ನೋಡಲು ಅನುಮತಿ ದೊರಕಿತು. ಬೇಕಾದದ್ದು ಅಲ್ಲಿ ಸಿಗದಾಗ ಆತ ಅದನ್ನು ತಾನೇ ತಯಾರಿಸಿದ. ಆತನ ಸಲಕರಣೆಗಳು ಒಂದು ರೇಜರ್ ಬ್ಲೇಡು ಮತ್ತು ಒಂದು ಜೆರಾಕ್ಸ್ ಯಂತ್ರ. ಅಸಲಿ ಸಂದೇಶಗಳಿಂದ ತಲೆಪಟ್ಟಿ, ತಾರೀಖು ಮೊದಲಾದವನ್ನು ಕತ್ತರಿಸಿ, ತಾನು ರಚಿಸಿದ ಒಕ್ಕಣೆಯೊಡನೆ ಜೋಡಿಸಿ ನಕಲು ತೆಗೆದ. ಡಿಯೆಮ್ ಆಶ್ರಯ ಕೇಳಿದರೆ ಮಧ್ಯೆ ಪ್ರವೇಶಿಸಬಾರದೆಂದು ವಾಷಿಂಗ್ಟನ್ನಿನ ಅತ್ಯುನ್ನತ ಮಟ್ಟದಲ್ಲಿ ನಿರ್ಧಾರವಾಯಿತೆಂಬುದು ಆ ಒಕ್ಕಣೆಯ ತಾತ್ಪರ್ಯ.

ಕೂಟಶಾಸನಗಳನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ಸುಳ್ಳು ತಾಮ್ರಪಟ ಮಾಡುವವನು ರಾಜನ ಪ್ರಶಸ್ತಿ, ವಂಶಾವಳಿ, ಶಾಪಾಶಯಗಳನ್ನು ಅಸಲಿ ಪಟಗಳಿಂದಲೇ ಎತ್ತಿಕೊಳ್ಳುತ್ತಾನೆ. ದಾನಭೂಮಿಯ ಎಲ್ಲೆಯನ್ನು ಹೇಳುವ ನಾಲ್ಕು ಸಾಲು ಮಾತ್ರ ಅವನ ಸ್ವಂತದ್ದು. ಅವನ ಹೊಲ ಇರುವುದು ಆ ನಾಲ್ಕು ಸಾಲುಗಳಲ್ಲಿ. ಅವನು ಸಿಕ್ಕಿಬೀಳುವುದು ಬಹುಮಟ್ಟಿಗೆ ಅಕ್ಷರರೂಪದಲ್ಲಿ: ಶಕವರ್ಷ ಹಳೆಯದು, ಲಿಪಿ ಎಷ್ಟೋ ತಲೆಮಾರು ಈಚಿನದು. ಹಂಟನಿಗೆ ತೊಡಕಾದದ್ದೂ ಅಕ್ಷರವೇ. 1963ರ ಸಂದೇಶಗಳ ಅಚ್ಚಿಗೆ ಹೊಂದುವ ಟೈಪ್‌ರೈಟರು ಆತನಲ್ಲಿರಲಿಲ್ಲ. ನಿಕಟ ಪರೀಕ್ಷೆಗೆ ಇವು ನಿಲ್ಲವೆಂದು ಆತನೇ ಕೋಲ್ಸನ್‌ಗೆ ಎಚ್ಚರಿಸಿದ್ದ. 'ಲೈಫ್' ಪತ್ರಿಕೆಯ ವರದಿಗಾರ ವಿಲಿಯಂ ಲ್ಯಾಂಬರ್ಟ್‌ಗೆ ಅವುಗಳನ್ನು ತೋರಿಸಲಾಯಿತು. ಲ್ಯಾಂಬರ್ಟ್‌ಗೆ ಆಸೆಯಾಯಿತು, ಆದರೆ ಮೂಲಪ್ರತಿಗಳ ಛಾಯಾಚಿತ್ರ ತೆಗೆದುಕೊಳ್ಳಬೇಕೆಂದ. ಮೂಲಪ್ರತಿ ಎಲ್ಲಿಂದ ಬರಬೇಕು? ಸುದ್ದಿ ಅಚ್ಚಾಗಲಿಲ್ಲ. ಪತ್ರಕರ್ತನೊಬ್ಬ ಮೂಲಪ್ರತಿ ತೋರಿಸಿ ಎಂದದ್ದರಿಂದ ಒಂದು ದೇಶದ ಇತಿಹಾಸಕ್ಕೆ ಸುಳ್ಳು ಸೇರುವುದು ತಪ್ಪಿತು. ಪರೀಕ್ಷೆಯಲ್ಲಿ ಐದು ಅಂಕಕ್ಕೆ 'ಮೂಲಪ್ರತಿಯ ಮಹತ್ವ' ಎಂಬ ಟಿಪ್ಪಣಿ ಬರೆದು ಮರೆಯುವವರು ಈ ಲ್ಯಾಂಬರ್ಟನನ್ನು ನೆನಪಿಡಬಹುದು.

1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿ ಕನ್ನಗಳ್ಳರು ಸಿಕ್ಕಿಬಿದ್ದ ಮೇಲೆ ಹಂಟನ ತಿಜೋರಿಯಲ್ಲಿದ್ದ ಈ ಕಾಗದಗಳು ಎಫ್.ಬಿ.ಐ.ನ ಹಂಗಾಮಿ ಮುಖ್ಯಸ್ಥ ಪ್ಯಾಟ್ರಿಕ್ ಗ್ರೇಯ ಕೈಸೇರಿದವು. ಆತ ಅವುಗಳನ್ನು ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಮನೆಯ ಕಸದೊಂದಿಗೆ ಸುಟ್ಟುಹಾಕಿದ. ಸಂಗತಿ ಬಯಲಾದಾಗ 1973ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಹಂಟ್ ತನ್ನ ಕೃತ್ಯವನ್ನು ಪ್ರಮಾಣಮಾಡಿ ಒಪ್ಪಿಕೊಂಡ. ಅಂದರೆ, ಒಬ್ಬ ರಾಷ್ಟ್ರಾಧ್ಯಕ್ಷನ ಕೊಲೆಯನ್ನು ಇನ್ನೊಬ್ಬ ರಾಷ್ಟ್ರಾಧ್ಯಕ್ಷನ ತಲೆಗೆ ಕಟ್ಟಲು ಕಾಗದ ಹುಟ್ಟಿಸಿದವನೇ ಮೂವತ್ತೆರಡು ವರ್ಷಗಳ ಮೇಲೆ ಕಾಗದ ತೆಗೆದುಕೊಂಡು ಎರಡನೆಯವನ ಕೊಲೆಯನ್ನು ಮೂರನೆಯ ಅಧ್ಯಕ್ಷನ ತಲೆಗೆ ಕಟ್ಟಿದ.

ಮರಾಠಿ ಬಲ್ಲ ಸೊಲ್ಲಾಪುರದ ಓದುಗರಿಗೆ ಇಲ್ಲಿ 'ಧ ಚಾ ಮಾ' ನೆನಪಾಗದೆ ಇರದು. 1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಪೇಶವೆ ನಾರಾಯಣರಾಯನ ಕೊಲೆಯಾಯಿತು. 'ಧರಾವೇ', ಅಂದರೆ ಹಿಡಿಯಿರಿ ಎಂದಿದ್ದ ರಘುನಾಥರಾಯನ ಚೀಟಿಯಲ್ಲಿ ಆನಂದಿಬಾಯಿ ಒಂದಕ್ಷರ ತಿದ್ದಿ 'ಮಾರಾವೇ', ಅಂದರೆ ಕೊಲ್ಲಿರಿ ಎಂದು ಮಾಡಿದಳೆಂಬ ಕಥೆ ಗಾದೆಯಾಗಿ ನಿಂತಿದೆ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯವರು ಅಪರಾಧಿಯೆಂದು ಸಾರಿದ್ದು ರಘುನಾಥರಾಯನನ್ನು. ಜನದ ನಾಲಗೆ ಎರಡೂವರೆ ಶತಮಾನದಿಂದ ಹೊತ್ತು ತಿರುಗುತ್ತಿರುವುದು ಆನಂದಿಬಾಯಿಯ ಆ ಒಂದಕ್ಷರವನ್ನು. ಇಡೀ ದರಬಾರಿನ ಒಳಜಗಳವನ್ನು ಒಂದು ಚೀಟಿಯೊಳಗೆ ಅಡಗಿಸಿ ನೋಡುವ ಆಸೆ ಯಾವುದೋ ಒಂದು ದೇಶದ್ದಲ್ಲ.

ಇದೇ ಆಸೆಯನ್ನು ನಂಬಿ ಹುಟ್ಟಿದ ಇನ್ನೊಂದು ಕಾಗದವಿದೆ. ಅದರಲ್ಲಿ ಹಂಟ್ ಬರೆದವನಲ್ಲ, ಬಲಿ. 1975ರಲ್ಲಿ ಕೆನಡಿ ಹತ್ಯೆಯ ಸಂಶೋಧಕನೊಬ್ಬನಿಗೆ ಮೆಕ್ಸಿಕೋ ನಗರದಿಂದ ಅನಾಮಧೇಯ ಅಂಚೆಯಲ್ಲಿ ಒಂದು ಕೈಬರಹದ ಚೀಟಿಯ ನಕಲು ಬಂತು. ತಾರೀಖು 1963ರ ನವೆಂಬರ್ 8. ಸಹಿ ಲೀ ಹಾರ್ವಿ ಆಸ್ವಾಲ್ಡ್‌ನದು. ಬರೆದದ್ದು 'ಹಂಟ್' ಎಂಬುವರಿಗೆ. ತನ್ನ ಪಾತ್ರವೇನೆಂದು ತಿಳಿಸಿ, ಮುಂದಿನ ಹೆಜ್ಜೆಯಿಡುವ ಮೊದಲು ಮಾತಾಡೋಣ ಎಂಬರ್ಥದ ಕೆಲವು ಸಾಲು. ಆಸ್ವಾಲ್ಡ್ ಬೇರೆ ಪತ್ರದಲ್ಲಿ ಮಾಡಿದ್ದ ಕಾಗುಣಿತದ ತಪ್ಪು ಕೂಡ ಅದರಲ್ಲಿತ್ತು. ಅದು ಆಸ್ವಾಲ್ಡ್‌ನದೇ ಕೈ ಎಂದ ಹಸ್ತಾಕ್ಷರ ತಜ್ಞರಿದ್ದರು. ಅಮೆರಿಕದ ಪ್ರತಿನಿಧಿ ಸಭೆ ನೇಮಿಸಿದ್ದ ಹತ್ಯಾ ವಿಚಾರಣಾ ಸಮಿತಿಯ ತಜ್ಞರು ಮಾತ್ರ ಖಚಿತ ತೀರ್ಮಾನಕ್ಕೆ ಬರಲಾರದೆ ಹೋದರು.

ಅದರ ಒಗಟು ಒಡೆದದ್ದು 1999ರಲ್ಲಿ, ಇನ್ನೊಂದು ಕೈಬರಹದಿಂದ. ವಾಸಿಲಿ ಮಿತ್ರೋಖಿನ್ ಸೋವಿಯತ್ ಗುಪ್ತಚರ ಸಂಸ್ಥೆ ಕೆ.ಜಿ.ಬಿ.ಯ ದಫ್ತರಖಾನೆಯ ಅಧಿಕಾರಿ. ಸುಮಾರು ಹನ್ನೆರಡು ವರ್ಷ ರಹಸ್ಯ ಕಡತಗಳನ್ನು ಓದಿ, ಕೈಯಿಂದ ಟಿಪ್ಪಣಿ ಮಾಡಿ, ಚೀಟಿಗಳನ್ನು ಬೂಟಿನಲ್ಲಿ ಅಡಗಿಸಿ ಹೊರತಂದು, ಹಳ್ಳಿಮನೆಯಲ್ಲಿ ಹಾಲಿನ ಕ್ಯಾನಿನೊಳಗೆ ಹೂತಿಟ್ಟಿದ್ದವನು. 1992ರಲ್ಲಿ ಅವುಗಳೊಂದಿಗೆ ಬ್ರಿಟನ್ನಿಗೆ ಬಂದ. ಇತಿಹಾಸಕಾರ ಕ್ರಿಸ್ಟೊಫರ್ ಆಂಡ್ರ್ಯೂ ಜತೆಗೂಡಿ ಪ್ರಕಟಿಸಿದ ಗ್ರಂಥದಲ್ಲಿ ಆ ಆಸ್ವಾಲ್ಡ್ ಚೀಟಿ ಕೆ.ಜಿ.ಬಿ. ತಯಾರಿಸಿದ ನಕಲಿಯೆಂದೂ, ವಾಟರ್‌ಗೇಟಿನಿಂದ ಕುಖ್ಯಾತನಾದ ಹೊವಾರ್ಡ್ ಹಂಟನನ್ನು ಕೊಲೆಗೆ ತಳಕುಹಾಕುವುದೇ ಅದರ ಗುರಿಯೆಂದೂ ತಿಳಿಸಲಾಗಿದೆ. ತಮಾಷೆಯೆಂದರೆ ಬಾಣ ಗುರಿತಪ್ಪಿತು. ಅಮೆರಿಕದ ಓದುಗರಲ್ಲಿ ಅನೇಕರು ಚೀಟಿಯ ಹಂಟನನ್ನು ಟೆಕ್ಸಾಸಿನ ತೈಲಕುಬೇರ ಎಚ್.ಎಲ್. ಹಂಟ್ ಎಂದು ತಿಳಿದರು! ಮುಂದಿನ ಹೆಸರಿಲ್ಲದೆ ಬರೆದ ಶಾಸನದ ಗತಿಯೇ ಇದಕ್ಕೂ ಬಂತು.

ಆಸ್ವಾಲ್ಡ್ ಚೀಟಿಯನ್ನು ಸುಳ್ಳೆನ್ನಲು ಇರುವ ಆಧಾರವೂ ಒಬ್ಬ ಮಾಜಿ ಗೂಢಚಾರನ ಕೈಬರಹವೇ ಅಲ್ಲವೆ, ಮಿತ್ರೋಖಿನ್‌ಗೆ ಒಂದು ನ್ಯಾಯ ಹಂಟನಿಗೆ ಇನ್ನೊಂದೇ ಎಂದು ಚುರುಕಾದ ವಿದ್ಯಾರ್ಥಿ ಕೇಳದೆ ಬಿಡಲಾರ. ಕೇಳಬೇಕಾದ ಪ್ರಶ್ನೆ. ಮಿತ್ರೋಖಿನ್ ಎದುರಿಗೆ ಮಾತೃಕೆಯಿತ್ತು. ಕಡತ ನೋಡಿ ನಕಲು ಮಾಡಿಕೊಳ್ಳುವ ಹುದ್ದೆಯಲ್ಲಿ ಆತನಿದ್ದನೆಂಬುದು ಗೊತ್ತಿದ್ದ ಸಂಗತಿ. ಆ ಟಿಪ್ಪಣಿಗಳಲ್ಲಿ ಹೊರಗಿನವರಿಗೆ ತಿಳಿದಿರದ ಸಂಗತಿಗಳಿದ್ದವು. ಬ್ರಿಟನ್ನಿನಲ್ಲಿ ದಶಕಗಳ ಕಾಲ ಸೋವಿಯತ್ ಪರ ಬೇಹುಗಾರಿಕೆ ನಡೆಸಿದ್ದ ಮೆಲಿಟಾ ನಾರ್ವುಡ್ ಎಂಬ ಅಜ್ಜಿಯ ಹೆಸರು ಅವುಗಳ ಮೂಲಕವೇ ಲೋಕಕ್ಕೆ ತಿಳಿಯಿತು. ಆಕೆ ಅದನ್ನು ಅಲ್ಲಗಳೆಯಲಿಲ್ಲ. ಬಾಹ್ಯಪ್ರಮಾಣವೆಂದರೆ ಇದು. ಹಾಗಿದ್ದೂ ಆ ಟಿಪ್ಪಣಿಗಳ ಪ್ರತಿಯೊಂದು ಸಾಲೂ ವೇದವಾಕ್ಯವಲ್ಲ, ಏಕೆಂದರೆ ಅವು ಮೂಲವಲ್ಲ, ನಕಲು. ಲಿಪಿಕಾರನು ಬಿಟ್ಟದ್ದೇನು ಸೇರಿಸಿದ್ದೇನು ಎಂಬುದು ಮಾಸ್ಕೋದ ಮೂಲ ಕಡತ ತೆರೆದಾಗಲೇ ಗೊತ್ತಾಗಬೇಕು.

ಹಂಟನ ಹಾಳೆಯ ಹಿಂದೆ ಯಾವ ಮಾತೃಕೆಯಿದೆ? ಆ ಹೆಸರುಗಳನ್ನು ಒಂದೊಂದಾಗಿ ನೋಡಬಹುದು. ಜಾನ್ಸನ್ ಮೇಲಿನ ಅನುಮಾನ ಅರವತ್ತರ ದಶಕದಿಂದಲೇ ಅಮೆರಿಕದ ಬೀದಿಯಲ್ಲಿತ್ತು. ವಿಲಿಯಂ ಹಾರ್ವಿ ಪರರಾಷ್ಟ್ರ ನಾಯಕರ ಹತ್ಯೆಗಾಗಿ ಸಿ.ಐ.ಎ. ರೂಪಿಸಿದ್ದ ವ್ಯವಸ್ಥೆಯ ಹೊಣೆಗಾರನಾಗಿದ್ದನೆಂಬುದನ್ನು ಸೆನೆಟ್ಟಿನ ಚರ್ಚ್ ಸಮಿತಿಯೇ 1975ರಲ್ಲಿ ಬಹಿರಂಗಪಡಿಸಿತ್ತು. ಟಿಪ್ಪಣಿಗಳಲ್ಲಿ ಬರುವ ಇನ್ನೊಬ್ಬ ಅಧಿಕಾರಿ ಡೇವಿಡ್ ಅಟ್ಲೀ ಫಿಲಿಪ್ಸ್, ಕ್ಯೂಬಾದ ನಿರಾಶ್ರಿತ ನಾಯಕ ಅಂಟೋನಿಯೋ ವೆಸಿಯಾನಾ ಇವರ ಸಂಬಂಧದ ಬಗ್ಗೆ ಗೇಟನ್ ಫೊಂಜಿ 1993ರಲ್ಲಿ ಪುಸ್ತಕವನ್ನೇ ಬರೆದಿದ್ದ. ಮೊರಾಲೆಸನ ಹೆಸರೂ ಅಲ್ಲಿದೆ. ಫ್ರಾನ್ಸಿನ ಬಂದೂಕುಗಾರರ ಕಥೆ 1988ರಲ್ಲಿ ಬ್ರಿಟಿಷ್ ಟೆಲಿವಿಷನ್ ಸಾಕ್ಷ್ಯಚಿತ್ರದಲ್ಲಿ ಬಂದುಹೋಗಿತ್ತು. ಅಂದರೆ 2003ರಲ್ಲಿ ಅಮೆರಿಕದ ಒಂದು ಒಳ್ಳೆಯ ಗ್ರಂಥಾಲಯದಲ್ಲಿ ವಾರವೊಂದನ್ನು ಕಳೆದವನು ಈ ನಕ್ಷೆಯ ಬಹುಪಾಲನ್ನು ತಾನೇ ಬರೆಯಬಹುದಾಗಿತ್ತು.

ಡಿ.ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಠ್ಯವಾಗಿ ಓದುವವರಿಗೆ ಈ ಶಾಸ್ತ್ರದ ಒಂದು ಸರಳ ನಿಯಮ ಗೊತ್ತಿರುತ್ತದೆ. ಉಳಿದಿರುವ ಪ್ರತಿಯೊಂದನ್ನು ನೋಡಿ ನಕಲು ಮಾಡಿದ ಪ್ರತಿಗೆ ಸ್ವತಂತ್ರ ಪ್ರಾಮಾಣ್ಯವಿಲ್ಲ. ಅದು ಎಷ್ಟು ಹಳೆಯ ಓಲೆಯಾಗಿದ್ದರೂ, ಅಕ್ಷರ ಎಷ್ಟು ದುಂಡಾಗಿದ್ದರೂ ಪಾಠನಿರ್ಣಯದಲ್ಲಿ ಅದನ್ನು ಬದಿಗಿಡಬೇಕು. ಹಂಟನ ಹಾಳೆ ಅಚ್ಚಾದ ಪುಸ್ತಕಗಳ ನಕಲೆಂದು ಸಿದ್ಧವಾಗಿಲ್ಲ. ಆದರೆ ಅವುಗಳಿಂದ ಸ್ವತಂತ್ರವೆಂದು ಸಿದ್ಧಪಡಿಸುವ ಹೊಣೆ ಅದನ್ನು ಸಾಕ್ಷಿಯೆನ್ನುವವರ ಮೇಲಿದೆ. ತಾರೀಖು, ಸ್ಥಳ, ಹಣದ ಲೆಕ್ಕ, ಇನ್ನೂ ಮುಚ್ಚಿದ್ದ ಕಡತವೊಂದರಲ್ಲಿ ಆಮೇಲೆ ಸಿಕ್ಕುವಂಥ ಒಂದು ಸಂಗತಿ: ಇಂಥದೊಂದು ಕೊಟ್ಟಿದ್ದರೂ ಸಾಕಿತ್ತು. ಬೇರೆಲ್ಲೂ ದೊರೆಯದ ಹೊಸ ಸಂಗತಿಯಾಗಿ ಉಳಿಯುವುದು ಮಿಯಾಮಿಯಲ್ಲಿ ನಡೆಯಿತೆನ್ನುವ ಒಂದು ಗುಪ್ತಭೇಟಿ. ಅಲ್ಲಿದ್ದರೆನ್ನುವ ಮೊರಾಲೆಸ್ 1978ರಲ್ಲಿಯೂ ಫ್ರಾಂಕ್ ಸ್ಟರ್ಜಿಸ್ 1993ರಲ್ಲಿಯೂ ತೀರಿಕೊಂಡಿದ್ದರು. ಜಾನ್ಸನ್, ಹಾರ್ವಿ, ಫಿಲಿಪ್ಸ್, ಮೇಯರ್ ಯಾರೂ 2003ರಲ್ಲಿ ಬದುಕಿರಲಿಲ್ಲ. ಮಾನನಷ್ಟ ಮೊಕದ್ದಮೆ ಹೂಡಲಾರದವರ ಮೇಲೆಯೇ ಗೆರೆಗಳು ಹೆಚ್ಚಾಗಿ ಹರಿದಿವೆ.

ಕಾರ್ಡ್ ಮೇಯರನ ಹೆಸರು ಈ ನಕ್ಷೆಯ ನಡುಗಂಬ. ಮೇಯರನ ಹೆಂಡತಿ ಮೇರಿಗೂ ಕೆನಡಿಗೂ ಸಂಬಂಧವಿತ್ತು, ಆದ್ದರಿಂದ ಮತ್ಸರ ಕಾರಣವೆಂದು ಕಥೆ ಸೂಚಿಸುತ್ತದೆ. ಆದರೆ ಮೇಯರ್ ದಂಪತಿಗಳ ವಿಚ್ಛೇದನವಾದದ್ದು 1958ರಲ್ಲಿ. ಕೆನಡಿಯೊಡನೆ ಇತ್ತೆನ್ನುವ ಸಂಬಂಧ ಆತ ಅಧ್ಯಕ್ಷನಾದ ಮೇಲಿನದು. ಮತ್ಸರಕ್ಕೆ ವಿಚ್ಛೇದನ ಅಡ್ಡಿಯಲ್ಲ ನಿಜ. ಆದರೂ ಪತ್ತೇದಾರಿ ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿ ಬರುವಂಥ ಈ ಕಾರಣ ಇಷ್ಟು ಸಲೀಸಾಗಿ ಕೈಗೆ ಸಿಕ್ಕಾಗ, ಬರೆಯುತ್ತಿರುವುದು ಯಾವ ಹಂಟ್, ಅಧಿಕಾರಿಯೋ ಕಾದಂಬರಿಕಾರನೋ ಎಂಬ ಸಂದೇಹ ಬರುತ್ತದೆ.

ಸಾಯುವವನು ಸುಳ್ಳಾಡನು ಎಂಬ ವಾದ ಎಲ್ಲಕ್ಕಿಂತ ಬಲವಾಗಿ ಕೇಳಿಬಂತು. ಮರಣಕಾಲದ ಹೇಳಿಕೆಗೆ ಭಾರತದ ಕಾನೂನೂ ಗೌರವ ಕೊಡುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 32ನೆಯ ಕಲಮಿನಲ್ಲಿ ಅದಕ್ಕೆ ಜಾಗವಿತ್ತು. ಆದರೆ ಆ ಕಲಮನ್ನು ಪೂರ್ತಿ ಓದಬೇಕು. ಮರಣಕಾಲದ ಹೇಳಿಕೆಯಾಗಿ ಅದು ಮಾನ್ಯಮಾಡುತ್ತಿದ್ದುದು ಹೇಳಿಕೆ ಕೊಟ್ಟವನ ಸ್ವಂತ ಸಾವಿನ ಕಾರಣವನ್ನು. ನಲವತ್ತು ವರ್ಷದ ಹಿಂದೆ ಬೇರೊಬ್ಬ ಹೇಗೆ ಸತ್ತನೆಂಬುದನ್ನಲ್ಲ. ಮೇಲಾಗಿ ಹಾಳೆ ಬರೆದ ಮೇಲೆ ಹಂಟ್ ಮೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದ, ಆತ್ಮಕಥೆ ಸಿದ್ಧಪಡಿಸಿದ. ಆತನ ಮರಣದ ವರ್ಷವೇ ಪ್ರಕಟವಾದ ಆ 'ಅಮೆರಿಕನ್ ಸ್ಪೈ' ಗ್ರಂಥದಲ್ಲಿ ಇವೇ ಅನುಮಾನಗಳು ಊಹೆಯ ಧಾಟಿಯಲ್ಲಿವೆ, ಸಾಕ್ಷಿಯ ಧಾಟಿಯಲ್ಲಿಲ್ಲ. ಕೈಬರಹದಲ್ಲಿ ನಿಶ್ಚಯವಾಗಿದ್ದದ್ದು ಅಚ್ಚಿನಲ್ಲಿ ಸಂಭಾವ್ಯವಾಯಿತು. ಎರಡು ಪಾಠಾಂತರಗಳೂ ಒಬ್ಬನವೇ.

ನ್ಯಾಯಾಲಯದಲ್ಲಿ ಪ್ರಮಾಣಮಾಡಿ ಹೇಳಿದ ಮೂರನೆಯ ಪಾಠವೂ ಇದೆ. ಹತ್ಯೆಯ ದಿನ ಹಂಟ್ ಡಲ್ಲಾಸಿನಲ್ಲಿದ್ದನೆಂದು ಸೂಚಿಸಿದ 1978ರ ಲೇಖನವೊಂದಕ್ಕಾಗಿ 'ಸ್ಪಾಟ್‌ಲೈಟ್' ಪತ್ರಿಕೆಯ ಮೇಲೆ ಆತ ಮೊಕದ್ದಮೆ ಹೂಡಿದ. 1981ರಲ್ಲಿ 6,50,000 ಡಾಲರ್ ಪರಿಹಾರ ಗೆದ್ದ. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದು, 1985ರ ಮರುವಿಚಾರಣೆಯಲ್ಲಿ ಸೋತ. ಸೋಲಿನ ಅರ್ಥವೇನೆಂಬುದರಲ್ಲಿ ಜ್ಯೂರಿಯ ಸದಸ್ಯರಲ್ಲೇ ಒಮ್ಮತವಿರಲಿಲ್ಲ. ಆದರೆ ಎರಡೂ ವಿಚಾರಣೆಗಳಲ್ಲಿ ಹಂಟ್ ಹೇಳಿದ್ದು, ತಾನು ಆ ದಿನ ವಾಷಿಂಗ್ಟನ್ ಪರಿಸರದಲ್ಲಿದ್ದೆ, ಸಂಚಿನ ಸುದ್ದಿಯೂ ತನಗಿಲ್ಲ ಎಂದು. 2003ರ ಹಾಳೆ ಸತ್ಯವಾದರೆ ಆ ಪ್ರಮಾಣವಚನ ಸುಳ್ಳು. ಪ್ರಮಾಣವಚನ ಸತ್ಯವಾದರೆ ಹಾಳೆ ಸುಳ್ಳು.

ಮನೆಯ ಸಂಗತಿಯೂ ವಿಮರ್ಶೆಯ ಹೊರಗಿನದಲ್ಲ. ವಾಟರ್‌ಗೇಟಿನ ರಾತ್ರಿ ಎಳೆಯ ವಯಸ್ಸಿನ ಈ ಹಿರಿಯ ಮಗನನ್ನು ಎಬ್ಬಿಸಿ, ಉಪಕರಣಗಳ ಮೇಲಿನ ಬೆರಳಗುರುತು ಒರೆಸಿ, ಅವುಗಳನ್ನು ಕಾಲುವೆಗೆ ಎಸೆಯಲು ತಂದೆ ಕರೆದೊಯ್ದನೆಂದು ಮಗನೇ ಹೇಳಿಕೊಂಡಿದ್ದಾನೆ. ಅದೇ ವರ್ಷದ ಡಿಸೆಂಬರ್ 8ರಂದು ತಾಯಿ ಡೊರೊಥಿ ಶಿಕಾಗೋದಲ್ಲಿ ವಿಮಾನ ಬಿದ್ದು ಸತ್ತಳು. ಆಕೆಯ ಚೀಲದಲ್ಲಿ 10,000 ಡಾಲರಿಗೂ ಹೆಚ್ಚು ನಗದು ಸಿಕ್ಕಿತು. ತಂದೆ ಜೈಲಿಗೆ ಹೋದ. ಮಕ್ಕಳು ಚದುರಿದರು. ಮೂವತ್ತು ವರ್ಷಗಳ ಮೇಲೆ ಮತ್ತೆ ಹಾಸಿಗೆಯ ಬಳಿ ಬಂದ ಮಗ ತಂದೆಯಿಂದ ಏನನ್ನೋ ಕೇಳಿದ. ಕೊಡಲು ಬೇರೇನೂ ಇಲ್ಲದ ತಂದೆ ರಹಸ್ಯವೊಂದನ್ನು ಕೊಟ್ಟ. ಪ್ರಸಿದ್ಧ ಚಲನಚಿತ್ರ ನಟನೊಬ್ಬನೊಡನೆ ಹಣದ ಮಾತುಕತೆ ನಡೆದು ಮುರಿದುಬಿತ್ತೆಂಬ ಸಂಗತಿಯನ್ನೂ 'ರೋಲಿಂಗ್ ಸ್ಟೋನ್' ಲೇಖನ ಮುಚ್ಚಿಡಲಿಲ್ಲ. ಹಂಟನ ಎರಡನೆಯ ಹೆಂಡತಿ ಮತ್ತು ಉಳಿದ ಮಕ್ಕಳು ಮಾತ್ರ, ಮಂದವಾಗಿದ್ದ ಮುದುಕನ ಬುದ್ಧಿಯ ದುರುಪಯೋಗವಾಗಿದೆಯೆಂದು ಪ್ರತಿಭಟಿಸಿದರು. ಯಾರ ಮಾತು ನಿಜವೆಂದು ದೂರದಿಂದ ಹೇಳುವುದು ಅಧಿಕಪ್ರಸಂಗವಾದೀತು. ಆದರೆ ಈ ಹಾಳೆಯನ್ನು ಓದುವಾಗ ಕಣ್ಣಿಗೆ ಕಟ್ಟಬೇಕಾದದ್ದು ಡಲ್ಲಾಸಿನ ರಸ್ತೆಗಿಂತ ಮೊದಲು ಆ ಕೋಣೆ.

ಹಾಗೆಂದು ಈ ಕಾಗದಗಳನ್ನು ಕಸದ ಬುಟ್ಟಿಗೆ ಹಾಕಬೇಕೆಂದರೆ ಅದು ಪ್ಯಾಟ್ರಿಕ್ ಗ್ರೇಯ ಕೆಲಸವಾದೀತು. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಜೆ.ಎಫ್. ಫ್ಲೀಟ್ ಅವರು ಕೂಟವೆಂದು ತಳ್ಳಿಹಾಕಿದಾಗ ಬಿ.ಎಲ್. ರೈಸ್ ಅವರು ಸುಮ್ಮನಿರಲಿಲ್ಲ. ಆ ವಾದ ವರ್ಷಗಟ್ಟಲೆ ನಡೆಯಿತು. ಇಬ್ಬರಲ್ಲಿ ಯಾರೂ ಪಟಗಳನ್ನು ಕರಗಿಸಿರೆನ್ನಲಿಲ್ಲ. ಕೂಟವೆಂದು ತೀರ್ಮಾನವಾದ ಪಟವೂ ಅದನ್ನು ಮಾಡಿದ ಕಾಲದ ಭೂಮಿಯ ಆಸೆ, ಅಗ್ರಹಾರದ ಜಗಳಗಳಿಗೆ ಅಸಲಿ ಸಾಕ್ಷಿ. ಹಂಟನ ಬರಹವೂ ಹಾಗೆ ಉಳಿಯಬೇಕು. ಸಿ.ಐ.ಎ.ಯು ಹತ್ಯೆಯ ವಿಚಾರಣೆ ನಡೆಸಿದ ವಾರನ್ ಆಯೋಗದಿಂದ ಕ್ಯಾಸ್ಟ್ರೋ ಕೊಲೆಯ ತನ್ನ ಸಂಚುಗಳನ್ನು ಬಚ್ಚಿಟ್ಟಿತ್ತೆಂಬುದು ಊಹೆಯಲ್ಲ, ಆಮೇಲೆ ಬಯಲಾದ ಸಂಗತಿ. ಆಸ್ವಾಲ್ಡ್ ಒಬ್ಬನೇ ಕೊಲೆಗಾರನೆಂದು ವಾರನ್ ಆಯೋಗ 1964ರಲ್ಲಿ ಹೇಳಿತು. ಸಂಚು ಇದ್ದಿರಬಹುದೆಂದು ಪ್ರತಿನಿಧಿ ಸಭೆಯ ಸಮಿತಿ 1979ರಲ್ಲಿ ಹೇಳಿತು. ಆ ಸಮಿತಿ ನೆಚ್ಚಿದ್ದ ಧ್ವನಿಸಾಕ್ಷ್ಯವನ್ನು ವಿಜ್ಞಾನಿಗಳ ಮಂಡಳಿ 1982ರಲ್ಲಿ ತಿರಸ್ಕರಿಸಿತು. ಸರಕಾರ ಮುಚ್ಚಿಟ್ಟಷ್ಟೂ ಖಾಸಗಿ ಹಾಳೆಗಳ ಬೆಲೆ ಏರುತ್ತದೆ. ಹಂಟನ ನಾಲ್ಕು ಗೆರೆಗಳಿಗೆ ಇಷ್ಟು ಭಾರ ಬಂದದ್ದರಲ್ಲಿ ಆತನ ಹಳೆಯ ಸಂಸ್ಥೆಯ ಮೌನದ ಪಾಲೂ ಇದೆ.

ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳ ಅಟ್ಟದಲ್ಲಿ ಮೋಡಿ ಲಿಪಿಯ ದಫ್ತರಗಳು, ಕನ್ನಡದ ಕಡತ, ಓಲೆಗರಿಗಳು ಇನ್ನೂ ಕಟ್ಟಿಬಿದ್ದಿವೆ. ಈ ವರ್ಷ ಕ್ಷೇತ್ರಕಾರ್ಯಕ್ಕೆ ಹೊರಡುವ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಯಾವುದಾದರೂ ಮನೆಯ ಹಿರಿಯರು, ಇದು ಅಜ್ಜನ ಕೈಬರಹ, ಇದರಲ್ಲಿ ಸುಳ್ಳಿರಲು ಸಾಧ್ಯವೇ ಇಲ್ಲ ಎಂದು ಕಟ್ಟು ಬಿಚ್ಚಿ ಕೊಟ್ಟಾರು. ಕೈಮುಗಿದು ತೆಗೆದುಕೊಳ್ಳಬೇಕು, ಅಜ್ಜನ ಮುಂದೆ ಯಾವ ಮಾತೃಕೆಯಿತ್ತೆಂದು ಮೆಲ್ಲನೆ ಕೇಳಲೂಬೇಕು. ಹಳೆಯ ಕನ್ನಡ ಲಿಪಿಕಾರರಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಪ್ರತಿ ಮುಗಿದ ಮೇಲೆ ಕೊನೆಯ ಗರಿಯಲ್ಲಿ ತಿಥಿ ವಾರ ಬರೆದು, ತನ್ನ ಹೆಸರು ಹೇಳಿ, ತಪ್ಪಿದ್ದರೆ ತಿದ್ದಿ ಓದಿರೆಂದು ಬೇಡಿಕೊಳ್ಳುತ್ತಿದ್ದರು. ಹಂಟ್ ತನ್ನ ಪಾತ್ರವನ್ನು ಹೇಳಿಕೊಂಡದ್ದು ಆಟದ ಮೈದಾನದ ಮಾತಿನಲ್ಲಿ: ಆಡಲು ಕರೆ ಬಾರದೆ ಬೆಂಚಿನ ಮೇಲೆ ಕುಳಿತ ಹೆಚ್ಚುವರಿ ಆಟಗಾರ. ಮಗ ವಿವರಿಸಿದ ಆ ಮೊದಲ ನಕ್ಷೆಯಲ್ಲಿ ಅಧ್ಯಕ್ಷನಿಂದ ಬಂದೂಕುಗಾರನವರೆಗೆ ಎಲ್ಲರಿಗೂ ಗೆರೆಯಿದೆ. ಬರೆದವನ ಹೆಸರಿಲ್ಲ.